ರಾಜ್ಯ ಲಾಟರಿ ಡ್ರಾ ಹೇಗೆ ನಡೆಯುತ್ತೆ, ಆಡೋದು ಹೇಗೆ? ಕೋಲಾರದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಬಂಗಾರಪೇಟೆ, ಕೆಜಿಎಫ್, ಮುಳಬಾಗಿಲು ಕಡೆಯ ಜನ ಲಾಟರಿ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಮ್ಮ ರಾಜ್ಯದಲ್ಲಿ ಲಾಟರಿ ನಿಂತು ಹೋಗಿ ಎಷ್ಟೋ ವರ್ಷ ಆಯ್ತು, ಆದರೆ ಅದರ ಹೆಸರು ಹೇಳಿ ದುಡ್ಡು ಕೀಳುವವರು ಇನ್ನೂ ಇದ್ದಾರೆ. ಅವರ ಕೈಗೆ ಸಿಕ್ಕಿ ನರಳಿದ ಮನೆಗಳನ್ನು ನೋಡಿದ್ದೇನೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ನಮಗೆ ಹತ್ತಿರದಲ್ಲಿ ಸರ್ಕಾರವೇ ಲಾಟರಿ ನಡೆಸುವ ರಾಜ್ಯ ಕೇರಳ. ಹಾಗಾಗಿ ಡ್ರಾ, ಟಿಕೆಟ್, ಬಹುಮಾನದ ವಿವರಗಳೆಲ್ಲ ಹೆಚ್ಚಾಗಿ ಅಲ್ಲಿನವು.

ಕೋಲಾರ ಜಿಲ್ಲೆಯಲ್ಲಿ ಲಾಟರಿ ಟಿಕೆಟ್ ಎಲ್ಲಿ ಸಿಗುತ್ತೆ?

ಎಲ್ಲೂ ಸಿಗುವುದಿಲ್ಲ. 2007ರಿಂದ ಕರ್ನಾಟಕದಲ್ಲಿ ಲಾಟರಿ ಮಾರಾಟಕ್ಕೆ ನಿಷೇಧ ಇದೆ. ನಮ್ಮ ರಾಜ್ಯದ ಲಾಟರಿಯೂ ಇಲ್ಲ, ಬೇರೆ ರಾಜ್ಯದ ಟಿಕೆಟ್ ತಂದು ಮಾರುವ ಹಾಗೂ ಇಲ್ಲ. ಬಸ್ ನಿಲ್ದಾಣದ ಹತ್ತಿರ, ಟೀ ಅಂಗಡಿ ಹಿಂದೆ, ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಯಾರಾದರೂ ಟಿಕೆಟ್ ಎಂದು ಕೈಗೆ ಕೊಟ್ಟರೆ ಆ ಮಾರಾಟ ಕಾನೂನುಬಾಹಿರ, ಟಿಕೆಟ್ ಅಸಲಿಯೇ ಆಗಿದ್ದರೂ ಸರಿ.

ಆಂಧ್ರ, ತಮಿಳುನಾಡು ಗಡಿ ಪಕ್ಕದಲ್ಲೇ ಇದೆಯಲ್ಲ, ಅಲ್ಲಿ ಹೋಗಿ ತರಬಹುದಾ?

ಕುಪ್ಪಂ, ಪಲಮನೇರು, ಹೊಸೂರು, ಕೃಷ್ಣಗಿರಿ ಎಲ್ಲಿ ಹೋದರೂ ಇದೇ ಕಥೆ. ತಮಿಳುನಾಡು 2003ರಲ್ಲೇ ಲಾಟರಿ ನಿಲ್ಲಿಸಿತು. ಆಂಧ್ರದಲ್ಲೂ ಇಲ್ಲ. ಕೋಲಾರದಿಂದ ಯಾವ ದಿಕ್ಕಿಗೆ ಗಡಿ ದಾಟಿದರೂ ಕಾನೂನುಬದ್ಧವಾದ ಲಾಟರಿ ಅಂಗಡಿ ಸಿಗಬೇಕಾದರೆ ವಯನಾಡು, ಕಾಸರಗೋಡಿನ ತನಕ ಹೋಗಬೇಕು.

ಒಂದು ರಾಜ್ಯದಲ್ಲಿ ನಿಷೇಧ, ಇನ್ನೊಂದು ರಾಜ್ಯದಲ್ಲಿ ಸರ್ಕಾರವೇ ನಡೆಸುತ್ತೆ. ಇದು ಹೇಗೆ?

1998ರ ಲಾಟರಿ ನಿಯಂತ್ರಣ ಕಾಯ್ದೆ ಕೇಂದ್ರದ್ದು. ಲಾಟರಿ ನಡೆಸಬೇಕೋ ಬೇಡವೋ ಎಂಬುದನ್ನು ಅದು ಆಯಾ ರಾಜ್ಯಕ್ಕೆ ಬಿಟ್ಟಿದೆ. ತನ್ನಲ್ಲಿ ಲಾಟರಿ ಬೇಡ ಎಂದು ತೀರ್ಮಾನಿಸಿದ ರಾಜ್ಯ ಬೇರೆ ರಾಜ್ಯಗಳ ಟಿಕೆಟ್ಟನ್ನೂ ಒಳಗೆ ಬಿಡದೆ ಇರಬಹುದು. ನಡೆಸುವುದಾದರೆ ಕೆಲವು ಷರತ್ತು ಪಾಲಿಸಬೇಕು. ಟಿಕೆಟ್ಟನ್ನು ಸರ್ಕಾರವೇ ತನ್ನ ಲಾಂಛನ ಹಾಕಿ ಅಚ್ಚು ಮಾಡಿಸಬೇಕು. ಡ್ರಾವನ್ನು ಸರ್ಕಾರವೇ, ಅದೂ ತನ್ನ ರಾಜ್ಯದೊಳಗೇ ನಡೆಸಬೇಕು. ಬಂದ ಹಣ ಸರ್ಕಾರದ ಖಾತೆಗೆ ಹೋಗಬೇಕು. ಒಂದು ಲಾಟರಿಗೆ ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ಇರಬಾರದು, ವರ್ಷಕ್ಕೆ ಆರಕ್ಕಿಂತ ಹೆಚ್ಚು ಬಂಪರ್ (ದೊಡ್ಡ ಬಹುಮಾನದ ವಿಶೇಷ ಡ್ರಾ) ಇರಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು: ಮೊದಲೇ ಹೇಳಿಟ್ಟ ನಂಬರಿಗೆ ಅಥವಾ ಒಂದೇ ಅಂಕಿಗೆ ಬಹುಮಾನ ಕೊಡುವ ಹಾಗಿಲ್ಲ. ಈ ಕೊನೆಯ ಷರತ್ತು ಕೋಲಾರದವರಿಗೆ ಯಾಕೆ ಮುಖ್ಯ ಎಂದು ಮುಂದೆ ಹೇಳುತ್ತೇನೆ.

ಕೇರಳ ಈ ಕಾಯ್ದೆಗಿಂತ ಬಹಳ ಮೊದಲೇ ಶುರು ಮಾಡಿತ್ತು. 1967ರಲ್ಲಿ ಲಾಟರಿ ಇಲಾಖೆಯನ್ನೇ ತೆರೆದು, 1968ರ ಜನವರಿ 26ರಂದು ಮೊದಲ ಡ್ರಾ ನಡೆಸಿತು. ಆಗ ಟಿಕೆಟ್‌ಗೆ 1 ರೂಪಾಯಿ, ಮೊದಲ ಬಹುಮಾನ 50,000. ಈಗ ವಾರದ ಏಳು ದಿನಕ್ಕೂ ಒಂದೊಂದು ಹೆಸರಿನ ಲಾಟರಿ ಇದೆ, ಟಿಕೆಟ್ 50 ರೂಪಾಯಿ, ಮೊದಲ ಬಹುಮಾನ 1 ಕೋಟಿ. ಇವಲ್ಲದೆ ಕ್ರಿಸ್‌ಮಸ್–ಹೊಸ ವರ್ಷ, ಸಮ್ಮರ್, ವಿಷು, ಮಾನ್ಸೂನ್, ತಿರುವೋಣಂ, ಪೂಜಾ ಎಂದು ಆರು ಬಂಪರ್.

ಡ್ರಾ ಹೇಗೆ ನಡೆಯುತ್ತೆ? ಮೊದಲೇ ಗೊತ್ತು ಮಾಡಿರುತ್ತಾರಾ?

ಕೇರಳದ ವಾರದ ಡ್ರಾಗಳು ತಿರುವನಂತಪುರದ ಗೋರ್ಕಿ ಭವನದಲ್ಲಿ ಮಧ್ಯಾಹ್ನ 3 ಗಂಟೆಗೆ ನಡೆಯುತ್ತವೆ. ಅಂಕಿಗಳಿರುವ ಚಕ್ರಗಳ ಯಂತ್ರ ಇರುತ್ತದೆ. ತೀರ್ಪುಗಾರರ ಸಮಿತಿ ಕೂತಿರುತ್ತದೆ, ಜನರೂ ಬಂದು ನೋಡಬಹುದು. ಯಂತ್ರ ತಿರುಗಿ ನಿಂತಾಗ ಒಂದೊಂದು ಚಕ್ರದಲ್ಲಿ ಕಂಡ ಅಕ್ಷರ, ಅಂಕಿ ಸೇರಿ ಒಂದು ನಂಬರ್ ಆಗುತ್ತದೆ. ಫಲಿತಾಂಶ ಆವತ್ತೇ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ಆದರೆ ಅಂತಿಮ ದಾಖಲೆ ಎಂದರೆ ಕೇರಳ ಸರ್ಕಾರದ ಗೆಜೆಟ್ ಮಾತ್ರ. ಮೊಬೈಲಿಗೆ ಬಂದ ಫೋಟೊ ನೋಡಿ ಟಿಕೆಟ್ ಹರಿದು ಎಸೆಯಬೇಡಿ, ಊರಿಗೆಲ್ಲ ಸಿಹಿಯನ್ನೂ ಹಂಚಬೇಡಿ. ಗೆಜೆಟ್ ಪಟ್ಟಿಯ ಜೊತೆ ತಾಳೆ ನೋಡಿ.

ಮೊದಲೇ ಗೊತ್ತು ಮಾಡಿರುತ್ತಾರೆ ಎಂದು ಹೇಳುವವರಲ್ಲಿ ಹೆಚ್ಚಿನವರು ಆ 'ಗೊತ್ತಾದ ನಂಬರ್' ನಿಮಗೆ ಮಾರಲು ಬಂದವರು.

ಟಿಕೆಟ್ ಮೇಲೆ ಅಕ್ಷರ, ಅಂಕಿ ಇರುತ್ತಲ್ಲ, ಫಲಿತಾಂಶ ಓದುವುದು ಹೇಗೆ?

ಟಿಕೆಟ್ಟಿನಲ್ಲಿ ಎರಡು ಇಂಗ್ಲಿಷ್ ಅಕ್ಷರದ ಸೀರೀಸ್, ಅದರ ಮುಂದೆ ಆರು ಅಂಕಿ ಇರುತ್ತವೆ. ಮೊದಲ ಬಹುಮಾನಕ್ಕೆ ಸೀರೀಸೂ ಸೇರಬೇಕು, ಆರು ಅಂಕಿಯೂ ಸೇರಬೇಕು. ಅಂಕಿ ಆರೂ ಸರಿಯಾಗಿದ್ದು ಸೀರೀಸ್ ಮಾತ್ರ ಬೇರೆ ಆಗಿದ್ದರೆ ಸಮಾಧಾನಕರ ಬಹುಮಾನ. ಪಟ್ಟಿಯ ಕೆಳಗೆ ನಾಲ್ಕು ನಾಲ್ಕು ಅಂಕಿಗಳ ಸಾಲು ಉದ್ದಕ್ಕೆ ಇರುತ್ತದೆ. ಅದಕ್ಕೆ ನಿಮ್ಮ ಟಿಕೆಟ್ಟಿನ ಕೊನೆಯ ನಾಲ್ಕು ಅಂಕಿ ಮಾತ್ರ ಹೋಲಿಸಬೇಕು, ಸೀರೀಸ್ ಲೆಕ್ಕಕ್ಕಿಲ್ಲ. ನಾಲ್ಕೂ ಅದೇ ಕ್ರಮದಲ್ಲಿ ಇರಬೇಕು, ಹಿಂದೆ ಮುಂದೆ ಆದರೆ ಇಲ್ಲ.

ನಾವೇ ನಂಬರ್ ಆರಿಸುವ ಲಾಟರಿಗೂ ಇದಕ್ಕೂ ಏನು ವ್ಯತ್ಯಾಸ?

ಕೇರಳದ್ದು ಅಚ್ಚಾದ ಟಿಕೆಟ್. ನಂಬರ್ ಅದರಲ್ಲೇ ಇರುತ್ತದೆ, ಬೇಕಾದ್ದು ಹೆಕ್ಕಿಕೊಳ್ಳಬಹುದು ಅಷ್ಟೇ. ಲೋಟೊ ಮಾದರಿಯಲ್ಲಿ 1ರಿಂದ 49ರೊಳಗೆ ಆರು ಸಂಖ್ಯೆ ನೀವೇ ಗುರುತು ಹಾಕುತ್ತೀರಿ, ಡ್ರಾದಲ್ಲಿ ಆರು ಚೆಂಡು ಎತ್ತುತ್ತಾರೆ. ಹಾಗೆ ಆರಿಸುವ ವಿಧಾನಗಳ ಒಟ್ಟು ಲೆಕ್ಕ 1,39,83,816. ಅದರಲ್ಲಿ ನಿಮ್ಮದು ಒಂದು.

ಗೆಲ್ಲುವ ಅವಕಾಶ ನಿಜವಾಗಿ ಎಷ್ಟು?

ಲೆಕ್ಕ ಹಾಕಿಯೇ ನೋಡೋಣ. ಒಂದು ಡ್ರಾಗೆ 12 ಸೀರೀಸ್, ಒಂದೊಂದರಲ್ಲಿ 1,00,000ದಿಂದ 9,99,999ರ ತನಕ ನಂಬರ್ ಎಂದಿಟ್ಟುಕೊಳ್ಳಿ. ಸೀರೀಸಿಗೆ 9 ಲಕ್ಷ ಟಿಕೆಟ್, ಒಟ್ಟು 1 ಕೋಟಿ 8 ಲಕ್ಷ. ಮೊದಲ ಬಹುಮಾನ ಒಂದು. 2011ರ ಜನಗಣತಿಯಲ್ಲಿ ಕೋಲಾರ ಜಿಲ್ಲೆಯ ಜನಸಂಖ್ಯೆ ಸುಮಾರು 15.4 ಲಕ್ಷ. ಅಂಥ ಏಳು ಜಿಲ್ಲೆಯ ಜನರನ್ನೆಲ್ಲ, ಕೂಸುಗಳನ್ನೂ ಬಿಡದೆ, ಒಂದು ಕಡೆ ಸೇರಿಸಿ ಕಣ್ಣು ಕಟ್ಟಿಕೊಂಡು ಒಬ್ಬರ ಕೈ ಹಿಡಿದರೆ ಅದು ನೀವೇ ಆಗಿರಬೇಕು. ಒಂದು ಟಿಕೆಟ್ಟಿನ ಅವಕಾಶ ಅಷ್ಟು.

ದಿನಾ ಒಂದು ಟಿಕೆಟ್ ಕೊಂಡರೆ ವರ್ಷಕ್ಕೆ 18,250 ರೂಪಾಯಿ ಖರ್ಚು. ಈ ಲೆಕ್ಕದಲ್ಲಿ ಮೊದಲ ಬಹುಮಾನ ಸರಾಸರಿ 29 ಸಾವಿರ ವರ್ಷಕ್ಕೂ ಮೇಲೆ ಒಮ್ಮೆ.

ಇನ್ನೊಂದು ರೀತಿಯಲ್ಲೂ ನೋಡಬಹುದು. 1 ಕೋಟಿ ಬಹುಮಾನವನ್ನು 1 ಕೋಟಿ 8 ಲಕ್ಷ ಟಿಕೆಟ್ಟಿಗೆ ಹಂಚಿದರೆ ಒಂದು ಟಿಕೆಟ್ಟಿಗೆ ಬರುವುದು 93 ಪೈಸೆ. ನೀವು ಕೊಟ್ಟದ್ದು 50 ರೂಪಾಯಿ. ಉಳಿದದ್ದರಲ್ಲಿ ಬೇರೆ ಬಹುಮಾನ, ಏಜೆಂಟರ ಕಮಿಷನ್, ಅಚ್ಚಿನ ಖರ್ಚು, ಸರ್ಕಾರದ ಪಾಲು, ಜಿಎಸ್‌ಟಿ ಎಲ್ಲ ಬರಬೇಕು. 2025ರ ಸೆಪ್ಟೆಂಬರ್ 22ರಿಂದ ಲಾಟರಿಗೆ ಶೇ 40 ಜಿಎಸ್‌ಟಿ. 50 ರೂಪಾಯಿ ಟಿಕೆಟ್ಟಿನಲ್ಲಿ ಸುಮಾರು 14 ರೂಪಾಯಿ ತೆರಿಗೆಗೇ ಹೋಯಿತು.

ಸಣ್ಣ ಬಹುಮಾನ ಆಗಾಗ ಬರುತ್ತದಲ್ಲ ಎನ್ನುತ್ತೀರಿ, ನಿಜ. ಇದೇ ಉದಾಹರಣೆಯಲ್ಲಿ ಕೊನೆಯ ನಾಲ್ಕು ಅಂಕಿ ಒಮ್ಮೆ ಎತ್ತಿದರೆ 1,080 ಟಿಕೆಟ್ಟಿಗೆ ಬಹುಮಾನ ಸಿಗುತ್ತದೆ. ಹಾಗಾಗಿಯೇ 'ನನಗೆ ಹೋದ ವಾರ ನೂರು ಬಂತು' ಎನ್ನುವವರು ಸಿಗುತ್ತಾರೆ. ಆ ನೂರಕ್ಕೆ ಮತ್ತೆ ಎರಡು ಟಿಕೆಟ್ ಬರುತ್ತೆ, ಕೈಯಲ್ಲಿ ನಿಲ್ಲುವುದಿಲ್ಲ.

ಹಳೆಯ ಫಲಿತಾಂಶ ನೋಡಿ ಮುಂದಿನ ನಂಬರ್ ಹೇಳಬಹುದಾ?

ಆಗುವುದಿಲ್ಲ. ಯಂತ್ರಕ್ಕೆ ನಿನ್ನೆಯ ನೆನಪಿಲ್ಲ. 7 ಬಹಳ ದಿನದಿಂದ ಬಂದಿಲ್ಲ ಎಂದರೆ ಇವತ್ತು ಬರಬೇಕೆಂದು ಇಲ್ಲ, ನಿನ್ನೆ ಬಂತು ಎಂದರೆ ಇವತ್ತು ಬರಬಾರದೆಂದೂ ಇಲ್ಲ. 'ಗೆಸ್ಸಿಂಗ್' ಎಂದು ಚಾರ್ಟ್ ಮಾಡಿ ಹಂಚುವ ಗುಂಪುಗಳು ಮೊಬೈಲಿನಲ್ಲಿ ತುಂಬಾ ಇವೆ. ನೂರು ಜನಕ್ಕೆ ನೂರು ನಂಬರ್ ಹೇಳಿ, ಬಿದ್ದವನ ಮೆಸೇಜ್ ಮಾತ್ರ ಎಲ್ಲರಿಗೂ ತೋರಿಸುತ್ತಾರೆ. ಕನಸಿನ ನಂಬರ್, ಗಾಡಿ ನಂಬರ್, ಹುಟ್ಟಿದ ತಾರೀಕು ಯಾವುದಾದರೂ ಒಂದೇ. ಲೋಟೊ ಮಾದರಿಯಲ್ಲಿ ತಾರೀಕು ಹಾಕುವವರಿಗೆ ಒಂದು ನಷ್ಟ ಮಾತ್ರ ಇದೆ: ಎಷ್ಟೋ ಜನ 31ರೊಳಗಿನ ಸಂಖ್ಯೆಗಳನ್ನೇ ಹಾಕುವುದರಿಂದ, ಗೆದ್ದರೂ ಬಹುಮಾನ ಹಂಚಿಕೊಳ್ಳಬೇಕಾಗಬಹುದು.

ಶಬರಿಮಲೆಗೆ ಹೋದಾಗ ಅಲ್ಲಿ ಟಿಕೆಟ್ ಕೊಂಡೆ. ನಾನು ಕರ್ನಾಟಕದವನು, ಗೆದ್ದರೆ ಕೊಡ್ತಾರಾ?

ಕೊಡುತ್ತಾರೆ. ಕೇರಳದೊಳಗೆ ಅಂಗಡಿಯಲ್ಲೋ ಏಜೆಂಟರ ಹತ್ತಿರವೋ ಕೊಂಡ ಟಿಕೆಟ್ಟಿಗೆ ಯಾವ ಊರಿನವರಾದರೂ ಹಕ್ಕುದಾರರೇ. 2024ರ ತಿರುವೋಣಂ ಬಂಪರಿನ 25 ಕೋಟಿ ನಮ್ಮ ಮಂಡ್ಯ ಜಿಲ್ಲೆಯವರೊಬ್ಬರಿಗೇ ಬಂತು. ಆ ಸುದ್ದಿ ಬಂದಮೇಲೆ ಕೋಲಾರದಲ್ಲೂ ಕೇಳುವವರು ಜಾಸ್ತಿಯಾದರು. ಆ ಬಂಪರಿನಲ್ಲಿ 71 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಾಟವಾಗಿತ್ತು, 500 ರೂಪಾಯಿಗೆ ಒಂದರಂತೆ. ಅದನ್ನೂ ನೆನಪಿಡಿ.

ಮಾಲೆ ಹಾಕಿದವರು ಮಾಡುವ ಒಂದು ತಪ್ಪು ಇದೆ. ಟಿಕೆಟ್ ತಂದು ದೇವರ ಮನೆಯಲ್ಲಿ ಫೋಟೊ ಹಿಂದೆ ಇಟ್ಟು ಮರೆತುಬಿಡುತ್ತಾರೆ. ಡ್ರಾ ಆದ ದಿನದಿಂದ 30 ದಿನದೊಳಗೆ ಟಿಕೆಟ್ ಸಲ್ಲಿಸಬೇಕು. ಕೇಳದೇ ಉಳಿದ ಬಹುಮಾನ ಸರ್ಕಾರದ್ದಾಗುತ್ತದೆ.

ಟಿಕೆಟ್ ಕೊಂಡ ತಕ್ಷಣ ಏನು ಮಾಡಬೇಕು?

ಹಿಂಬದಿಯಲ್ಲಿ ಹೆಸರು, ವಿಳಾಸ ಬರೆದು ಸಹಿ ಹಾಕಿ. ಸಹಿ ಇಲ್ಲದ ಟಿಕೆಟ್ ಯಾರ ಕೈಯಲ್ಲಿದೆಯೋ ಅವರದ್ದೇ ಎನ್ನುವ ಹಾಗೆ. ಕಳೆದುಹೋದರೆ ಸಿಕ್ಕವರು ಅವರ ಹೆಸರು ಬರೆದುಕೊಂಡರೆ ನೀವು ಸಾಬೀತು ಮಾಡುವುದು ಬಹಳ ಕಷ್ಟ. ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ, ಆದರೆ ಅದನ್ನು ಸ್ಟೇಟಸ್‌ಗೆ ಹಾಕಬೇಡಿ. ಮಡಿಸಿ ಪರ್ಸಿಗೆ ತುರುಕಿ, ಬೆವರಿಗೆ ಒದ್ದೆಯಾಗಿ, ಅಂಕಿ ಅಳಿಸಿ ಹೋದ ಟಿಕೆಟ್ಟಿಗೆ ದುಡ್ಡು ಸಿಗುವುದಿಲ್ಲ. ಪುಸ್ತಕದ ನಡುವೆ ಇಡಿ.

ಗೆದ್ದರೆ ಎಲ್ಲಿಗೆ ಹೋಗಬೇಕು, ಯಾವ ಕಾಗದ ಬೇಕು?

5,000 ರೂಪಾಯಿವರೆಗಿನದ್ದು ಕೇರಳದ ಲಾಟರಿ ಅಂಗಡಿಯಲ್ಲೇ ಸಿಗುತ್ತದೆ. ಅದಕ್ಕೆ ಮೇಲಿನದ್ದು ಜಿಲ್ಲಾ ಲಾಟರಿ ಕಚೇರಿಯಲ್ಲಿ. ದೊಡ್ಡ ಮೊತ್ತವಾದರೆ ತಿರುವನಂತಪುರದ ಲಾಟರಿ ನಿರ್ದೇಶನಾಲಯಕ್ಕೆ ಸಲ್ಲಿಸಬೇಕು, ಬ್ಯಾಂಕ್ ಮೂಲಕವೂ ಸಲ್ಲಿಸಬಹುದು. ಸಹಿ ಮಾಡಿದ ಅಸಲಿ ಟಿಕೆಟ್, ಎರಡೂ ಬದಿಯ ಜೆರಾಕ್ಸ್, ಗೆಜೆಟೆಡ್ ಅಧಿಕಾರಿ ಅಥವಾ ನೋಟರಿ ದೃಢೀಕರಿಸಿದ ಫೋಟೊ, ರೆವಿನ್ಯೂ ಸ್ಟ್ಯಾಂಪ್ ಹಚ್ಚಿದ ರಸೀದಿ, ಗುರುತಿನ ಚೀಟಿ, ಪ್ಯಾನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಸಿದ್ಧ ಇಟ್ಟುಕೊಳ್ಳಿ. ಬ್ಯಾಂಕಿಗೆ ಅಸಲಿ ಟಿಕೆಟ್ ಕೊಟ್ಟಾಗ ಸ್ವೀಕೃತಿ ಪತ್ರ ಕೇಳಿ ಪಡೆಯಿರಿ.

ಐನೂರೋ ಸಾವಿರವೋ ಬಂದಿದ್ದರೆ, ಕೋಲಾರದಿಂದ ಹೋಗಿ ಬರುವ ಖರ್ಚು ಮೊದಲು ಲೆಕ್ಕ ಹಾಕಿ.

1 ಕೋಟಿ ಗೆದ್ದರೆ ಕೈಗೆ ಎಷ್ಟು ಬರುತ್ತೆ?

ಇಲ್ಲಿ ತುಂಬಾ ಜನ ಎಡವುತ್ತಾರೆ, ನಿಧಾನವಾಗಿ ಓದಿ. ಮೊದಲು ಏಜೆಂಟರ ಕಮಿಷನ್, ಅದು ಶೇ 10 ಎಂದಿಟ್ಟುಕೊಂಡರೆ 10 ಲಕ್ಷ. ಉಳಿದ 90 ಲಕ್ಷದ ಮೇಲೆ ಶೇ 30 ಆದಾಯ ತೆರಿಗೆ, ಅಂದರೆ 27 ಲಕ್ಷ, ಅಲ್ಲೇ ಹಿಡಿದುಕೊಳ್ಳುತ್ತಾರೆ. ಖಾತೆಗೆ ಬೀಳುವುದು 63 ಲಕ್ಷ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. 50 ಲಕ್ಷ ದಾಟಿದ ಆದಾಯದ ತೆರಿಗೆ ಮೇಲೆ ಶೇ 10 ಸರ್‌ಚಾರ್ಜ್ ಇದೆ, ಅದರ ಮೇಲೆ ಶೇ 4 ಸೆಸ್. ಇವೆರಡನ್ನೂ ಅಲ್ಲಿ ಹಿಡಿಯುವುದಿಲ್ಲ, ನೀವೇ ಕಟ್ಟಬೇಕು. ಸೇರಿಸಿದರೆ ಇನ್ನೂ ಸುಮಾರು 3 ಲಕ್ಷ 89 ಸಾವಿರ. ಕೊನೆಗೆ ಉಳಿಯುವುದು 59 ಲಕ್ಷ ಚಿಲ್ಲರೆ. ಬಂದದ್ದೆಲ್ಲ ನಮ್ಮದು ಎಂದು ಸೈಟು, ಕಾರು, ಸಾಲ ಎಂದು ಖಾಲಿ ಮಾಡಿಕೊಂಡವರಿಗೆ ಆಮೇಲೆ ತೆರಿಗೆ ಇಲಾಖೆಯ ನೋಟಿಸ್ ಬರುತ್ತದೆ. ಮೊತ್ತ ದೊಡ್ಡದಾದಷ್ಟು ಸರ್‌ಚಾರ್ಜೂ ಏರುತ್ತದೆ. ಹಣ ಬಂದ ವಾರವೇ ಒಬ್ಬ ಲೆಕ್ಕಪರಿಶೋಧಕರನ್ನು ನೋಡಿ, ಆ ಪಾಲನ್ನು ಬೇರೆ ಖಾತೆಯಲ್ಲಿ ಇಟ್ಟುಬಿಡಿ.

'ನನಗೆ ಬೇರೆ ಆದಾಯವೇ ಇಲ್ಲ, ಕೃಷಿ ಮಾಡ್ತೀನಿ' ಎಂದರೂ ಲಾಟರಿ ಹಣಕ್ಕೆ ವಿನಾಯಿತಿ ಮಿತಿ ಅನ್ವಯಿಸುವುದಿಲ್ಲ. ಸೋತ ಟಿಕೆಟ್ಟಿನ ಖರ್ಚನ್ನೂ ಕಳೆಯುವ ಹಾಗಿಲ್ಲ.

ಐದಾರು ಜನ ಸೇರಿ ಒಂದು ಟಿಕೆಟ್ ಕೊಳ್ಳಬಹುದಾ?

ಕೊಳ್ಳಬಹುದು. 2023ರ ಮಾನ್ಸೂನ್ ಬಂಪರಿನ 10 ಕೋಟಿ ಮಲಪ್ಪುರಂ ಜಿಲ್ಲೆಯ ಪರಪ್ಪನಂಗಾಡಿಯ 11 ಜನ ಹೆಣ್ಣುಮಕ್ಕಳಿಗೆ ಬಂತು. ಹಸಿರು ಕರ್ಮ ಸೇನೆಯಲ್ಲಿ ಕಸ ವಿಂಗಡಿಸುವವರು, 250 ರೂಪಾಯಿ ಟಿಕೆಟ್ಟಿಗೆ ಚಿಲ್ಲರೆ ಕೂಡಿಸಿ ಕೊಂಡಿದ್ದರು. ಆ ಸುದ್ದಿ ಓದಿ ನನಗೆ ಬಹಳ ಸಂತೋಷವಾಗಿತ್ತು. ನೀವು ಸೇರಿ ಕೊಳ್ಳುವುದಾದರೆ ಡ್ರಾಗೆ ಮುಂಚೆಯೇ ಯಾರದ್ದು ಎಷ್ಟು ಪಾಲು ಎಂದು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಗೆದ್ದಮೇಲೆ ಬರೆಯಲು ಕೂತರೆ ಅಣ್ಣತಮ್ಮಂದಿರೂ ಒಪ್ಪುವುದಿಲ್ಲ.

ವಾಟ್ಸಾಪ್‌ನಲ್ಲಿ ಕೇರಳ ಲಾಟರಿ ಮಾರ್ತಾರೆ. ದುಡ್ಡು ಹಾಕಿದರೆ ಟಿಕೆಟ್ ಫೋಟೊ ಕಳಿಸ್ತಾರೆ. ಕೊಳ್ಳಬಹುದಾ?

ದಯವಿಟ್ಟು ಬೇಡ. ಕೇರಳದ ಲಾಟರಿ ಕಾಗದದ ಟಿಕೆಟ್ ಮಾತ್ರ, ಅದಕ್ಕೆ ಆನ್‌ಲೈನ್ ಮಾರಾಟ ಇಲ್ಲ. ಬರುವ ಮೆಸೇಜ್ ಹೀಗಿರುತ್ತದೆ: ಮೇಲೆ ಕೇರಳ ಸರ್ಕಾರದ ಲಾಂಛನ, ಕೆಳಗೆ ಬಂಪರ್ ಟಿಕೆಟ್ಟಿನ ಫೋಟೊ, ಅದರ ಪಕ್ಕ ಕ್ಯೂಆರ್ ಕೋಡ್, 'ಇಂದು ಕೊನೆಯ ದಿನ' ಎಂದು ಕೆಂಪಿನಲ್ಲಿ. ಸ್ಕ್ಯಾನ್ ಮಾಡಿದರೆ ಬರುವ ಹೆಸರು ಯಾರೋ ಖಾಸಗಿ ವ್ಯಕ್ತಿಯದ್ದು. ಅಸಲಿ ಟಿಕೆಟ್ಟಿನ ಒಂದೇ ಫೋಟೊವನ್ನು ಇನ್ನೂರು ಜನಕ್ಕೆ ಮಾರಬಹುದು. ಫೋಟೊ ತೋರಿಸಿ ಬಹುಮಾನ ಕೇಳಲು ಆಗುವುದಿಲ್ಲ, ಟಿಕೆಟ್ ನಿಮ್ಮ ಕೈಯಲ್ಲಿ ಇರಬೇಕು. ಆ ಮಾರುವವನು ಅಕಸ್ಮಾತ್ ಪ್ರಾಮಾಣಿಕನೇ ಆಗಿದ್ದರೂ 25 ಕೋಟಿ ಬಂದ ದಿನ ಅವನು ನಿಮಗೆ ಫೋನ್ ಮಾಡುತ್ತಾನಾ?

'ನಿಮಗೆ 25 ಲಕ್ಷ ಲಾಟರಿ ಬಂದಿದೆ, ಚಾರ್ಜ್ ಕಟ್ಟಿ' ಎಂದು ಫೋನ್ ಬಂತು.

ಕೊಳ್ಳದ ಟಿಕೆಟ್ಟಿಗೆ ಬಹುಮಾನ ಬರುವುದಿಲ್ಲ. ಟಿವಿ ಕಾರ್ಯಕ್ರಮದ ಹೆಸರು, ವಿದೇಶಿ ಕಂಪನಿಯ ಹೆಸರು, ರಿಸರ್ವ್ ಬ್ಯಾಂಕಿನ ಹೆಸರು ಹೇಳುತ್ತಾರೆ. ಮೊದಲು ಐದು ಸಾವಿರ 'ಪ್ರೊಸೆಸಿಂಗ್', ಆಮೇಲೆ ಇಪ್ಪತ್ತು ಸಾವಿರ 'ಜಿಎಸ್‌ಟಿ', ಆಮೇಲೆ ಇನ್ನೊಂದು. ಸರ್ಕಾರ ತೆರಿಗೆಯನ್ನು ಬಹುಮಾನದಲ್ಲೇ ಹಿಡಿದುಕೊಳ್ಳುತ್ತದೆ, ಮುಂಗಡ ಕಟ್ಟಿಸಿಕೊಳ್ಳುವುದಿಲ್ಲ. ಹಣ ಹಾಕಿಬಿಟ್ಟಿದ್ದರೆ ನಾಚಿಕೆ ಪಡುತ್ತಾ ಕೂರಬೇಡಿ, ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದರೆ ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಹಿಡಿಯುವ ಸಾಧ್ಯತೆ ಇರುತ್ತದೆ.

ಒಂದಂಕಿ ಲಾಟರಿಯೂ ಲಾಟರಿಯೇ ತಾನೇ? ಮಟ್ಕಾ?

ಅಲ್ಲ. ಮೇಲೆ ಹೇಳಿದ ಷರತ್ತು ಇದಕ್ಕೇ. ಒಂದಂಕಿಯಲ್ಲಿ 0ಯಿಂದ 9ರೊಳಗೆ ಒಂದು ಅಂಕಿಗೆ ದುಡ್ಡು ಕಟ್ಟುತ್ತೀರಿ. ಹತ್ತರಲ್ಲಿ ಒಂದು ಅವಕಾಶ ಎಂದು ಆಸೆ ಹುಟ್ಟುತ್ತೆ, ಸೋತ ಸ್ವಲ್ಪ ಹೊತ್ತಿಗೇ ಇನ್ನೊಂದು ಕಟ್ಟಬಹುದು. ಕೂಲಿ ದುಡ್ಡು ಮನೆ ತಲುಪುವ ಮೊದಲೇ ಕರಗುವುದು ಹೀಗೆ. 1998ರ ಕಾಯ್ದೆ ಇದನ್ನು ಯಾವ ರಾಜ್ಯಕ್ಕೂ ಬಿಟ್ಟುಕೊಟ್ಟಿಲ್ಲ. 2015ರಲ್ಲಿ ಕೆಜಿಎಫ್‌ನಲ್ಲಿ ಬಯಲಾದ ಒಂದಂಕಿ ಲಾಟರಿ ಪ್ರಕರಣ ಇಡೀ ರಾಜ್ಯವನ್ನೇ ಅಲುಗಾಡಿಸಿತು, ತನಿಖೆಯನ್ನು ಸಿಬಿಐಗೆ ವಹಿಸಲು ಸರ್ಕಾರ ತೀರ್ಮಾನಿಸಿತು. ನಿಷೇಧವಾಗಿ ಎಂಟು ವರ್ಷ ಕಳೆದ ಮೇಲೆ, ಗಣಿ ಮುಚ್ಚಿ ಕೆಲಸ ಹೋದ ಊರಿನಲ್ಲಿ ಅದು ಬೇರು ಬಿಟ್ಟಿತ್ತು ಎಂಬುದು ನನಗೆ ಇವತ್ತಿಗೂ ನೋವಿನ ಸಂಗತಿ.

ಮಟ್ಕಾ ಅಂತೂ ಶುದ್ಧ ಜೂಜು. ಕರ್ನಾಟಕ ಪೊಲೀಸ್ ಕಾಯ್ದೆಯ 78ನೇ ಕಲಂ ಪ್ರಕಾರ ಅಪರಾಧ. ಅಲ್ಲಿ ಗೆದ್ದ ದುಡ್ಡು ಕೊಡದಿದ್ದರೆ ಯಾರ ಹತ್ತಿರವೂ ದೂರು ಹೇಳಲಾಗದು.

ತಿಂಗಳಿಗೆ 1,000 ಕಟ್ಟಿ, ಲಕ್ಕಿ ಡ್ರಾದಲ್ಲಿ ಬೈಕು ಅಂತಾರೆ. ಅದು ಚೀಟಿ ಅಲ್ವಾ?

ನಮ್ಮ ಕಡೆ ಹೆಂಗಸರು ಹೆಚ್ಚಾಗಿ ಸಿಕ್ಕಿಬೀಳುವುದು ಇದಕ್ಕೇ. ನೋಂದಾಯಿತ ಚೀಟಿ 1982ರ ಚಿಟ್ ಫಂಡ್ ಕಾಯ್ದೆಯ ಕೆಳಗೆ ಬರುತ್ತದೆ. ಅಲ್ಲಿ ಎಲ್ಲರಿಗೂ ಸರದಿ ಬಂದೇ ಬರುತ್ತದೆ. ಡ್ರಾದಲ್ಲಿ ಹೆಸರು ಬಂದವರಿಗೆ ಬೈಕು, ಬಂಗಾರ ಕೊಟ್ಟು ಅವರು ಮುಂದೆ ಕಂತು ಕಟ್ಟಬೇಕಾಗಿಲ್ಲ, ಉಳಿದವರಿಗೆ ಕೊನೆಗೆ ಪಾತ್ರೆಯೋ ಸೀರೆಯೋ ಎನ್ನುವಂಥ ಸ್ಕೀಮು ಬಹುಮಾನ ಚೀಟಿ. 1978ರ ಕೇಂದ್ರ ಕಾಯ್ದೆ ಅದನ್ನು ನಿಷೇಧಿಸಿದೆ. ಮೊದಲ ಎರಡು ಮೂರು ತಿಂಗಳು ಬೀದಿಯಲ್ಲಿ ಶಾಮಿಯಾನ ಹಾಕಿ ಬೈಕು ಕೊಡುತ್ತಾರೆ, ನಿಜವಾಗಿಯೇ ಕೊಡುತ್ತಾರೆ. ಅದನ್ನು ನೋಡಿ ಅಕ್ಕಪಕ್ಕದ ಹಳ್ಳಿಯವರೆಲ್ಲ ಸೇರಿದಮೇಲೆ ಅಂಗಡಿಗೆ ಬೀಗ ಬೀಳುತ್ತದೆ. ಸೇರುವ ಮುನ್ನ ನೋಂದಣಿ ಪತ್ರ ಕೇಳಿ, ಕಂತಿನ ರಸೀದಿಗಳನ್ನೆಲ್ಲ ಜೋಪಾನ ಮಾಡಿ. ಮೋಸವಾದರೆ ಅವೇ ಸಾಕ್ಷಿ.

ಅಮೆರಿಕದ ಪವರ್‌ಬಾಲ್ ಇಲ್ಲಿಂದಲೇ ಆಡಬಹುದು ಅಂತಾರೆ?

ಲಾಟರಿ ಟಿಕೆಟ್ ಕೊಳ್ಳಲು ವಿದೇಶಕ್ಕೆ ಹಣ ಕಳಿಸುವುದನ್ನು ವಿದೇಶಿ ವಿನಿಮಯ ನಿಯಮಗಳು ನಿಷೇಧಿಸಿವೆ. ಅದರ ದೊಡ್ಡ ಬಹುಮಾನದ ಅವಕಾಶ 29,22,01,338ರಲ್ಲಿ ಒಂದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರ ಕಾಯ್ದೆಯೂ 2025ರಲ್ಲಿ ಬಂದಿದೆ.

ಹೇಗಾದರೂ ಒಮ್ಮೆ ಆಡಲೇಬೇಕು ಅನ್ನಿಸಿದರೆ?

ಕೇರಳಕ್ಕೆ ಹೋದಾಗ, ಅಂಗಡಿಯಲ್ಲಿ, ಕೈಯಿಂದ ಕೈಗೆ, ಒಂದು ಟಿಕೆಟ್. ಹೋದರೆ ಹೋಗಲಿ ಎನ್ನುವ ದುಡ್ಡಿನಲ್ಲಿ ಮಾತ್ರ. ಸಾಲದ ದುಡ್ಡು, ಮಕ್ಕಳ ಫೀಸು, ಸಂಘದ ಕಂತು ಮುಟ್ಟಬೇಡಿ. ಅಲ್ಲಿಂದ ಹತ್ತು ಟಿಕೆಟ್ ತಂದು ಊರಿನಲ್ಲಿ ಗೆಳೆಯರಿಗೆ ಮಾರಿದರೆ ನೀವೇ ಕಾನೂನು ಮುರಿದಂತೆ. ನಿಷೇಧ ಇರುವ ಕಡೆ ಮಾರುವವರಿಗೆ 1998ರ ಕಾಯ್ದೆಯಲ್ಲಿ ಎರಡು ವರ್ಷದ ತನಕ ಜೈಲು ಇದೆ.

ನಮ್ಮ ಮನೆಯವರು ಬಿಡಲಾಗದೆ ಆಡ್ತಾ ಇದ್ದಾರೆ. ಏನು ಮಾಡಲಿ?

ಈ ಪ್ರಶ್ನೆಯನ್ನು ಹೆಂಡತಿಯರು, ತಾಯಂದಿರು ಕೇಳುತ್ತಾರೆ, ಅದೂ ಮೆಲ್ಲಗೆ. ಬೈದರೆ ಅವರು ಬಚ್ಚಿಟ್ಟು ಆಡುತ್ತಾರೆ. ಸೋತದ್ದನ್ನು ವಾಪಸ್ ಗೆಲ್ಲಬೇಕೆಂದು ಮತ್ತೆ ಮತ್ತೆ ಕಟ್ಟುವುದು, ಸುಳ್ಳು ಹೇಳಿ ಸಾಲ ಮಾಡುವುದು, ರಾತ್ರಿ ನಿದ್ದೆ ಬಿಟ್ಟು ಮೊಬೈಲ್ ನೋಡುವುದು ಕಂಡರೆ ಅದು ಚಿಕಿತ್ಸೆ ಬೇಕಾದ ಚಟ. 14416 ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆಯಲ್ಲೂ ಮನೋವೈದ್ಯರನ್ನು ಕೇಳಿ, ಬೆಂಗಳೂರಿನ ನಿಮ್ಹಾನ್ಸ್ ನಮಗೆ ದೂರವೇನಲ್ಲ.

ಸಾಲ ಕೊಟ್ಟವರು ಮನೆ ಬಾಗಿಲಿಗೆ ಬಂದು ಹೆದರಿಸುತ್ತಿದ್ದರೆ 112ಕ್ಕೆ ಕರೆ ಮಾಡಿ. ಖಾಲಿ ಚೆಕ್ಕಿಗೆ, ಖಾಲಿ ಬಾಂಡ್ ಪೇಪರಿಗೆ ಯಾರೂ ಸಹಿ ಹಾಕಬೇಡಿ, ಹಾಕಿಯಾಗಿದ್ದರೆ ಯಾವಾಗ, ಯಾರಿಗೆ, ಎಷ್ಟಕ್ಕೆ ಎಂದು ಬರೆದಿಟ್ಟುಕೊಳ್ಳಿ. ಕೋಲಾರದ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಅಲ್ಲಿ ವಕೀಲರ ನೆರವು ಉಚಿತ. ಅದರ ಸಹಾಯವಾಣಿ 15100. ಹೋಗುವಾಗ ಸಾಲದ ಕಾಗದ, ಬ್ಯಾಂಕ್ ಪಾಸ್‌ಬುಕ್, ಬೆದರಿಕೆಯ ಮೆಸೇಜ್ ಇರುವ ಮೊಬೈಲ್ ಜೊತೆಗೆ ಒಯ್ಯಿರಿ.